ಫೋನಿನಲ್ಲಿ ಬಿದ್ದುಹೋದ ಸೊನ್ನೆ

ನಾನು ಓದಿದ್ದು ಕಿವಿಯ ವಿದ್ಯೆ. ಮಂಗಳೂರಿನ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಕೆಲವು ವರ್ಷ ಜನರ ಕಿವಿ ಪರೀಕ್ಷೆ ಮಾಡುತ್ತಿದ್ದೆ. ಯಾರಿಗೆ ಎಷ್ಟು ಕೇಳುತ್ತದೆ, ಯಾರಿಗೆ ಶ್ರವಣಯಂತ್ರ ಬೇಕು ಎಂದು ನೋಡುವ ಕೆಲಸ. ಅದನ್ನು ಬಿಟ್ಟು ವಾಮಂಜೂರಿನ ಒಂದು ಸಣ್ಣ ಕಂಪೆನಿಗೆ ಸೇರಿದ ಮೇಲೆ ಕೇಳುವ ಸರದಿ ನನ್ನದಾಯಿತು. ಇಂಟರ್‌ನೆಟ್ ಕರೆಗಳಲ್ಲಿ ನಮ್ಮ ಮಾತನ್ನು ಕುಗ್ಗಿಸಿ ಕಳಿಸುವ ತಂತ್ರಾಂಶವನ್ನು ಎಲ್ಲೋ ದೂರದಲ್ಲಿ ಕೂತವರು ಬರೆಯುತ್ತಾರೆ. ಆ ಮಾತು ಇನ್ನೊಂದು ತುದಿಯಲ್ಲಿ ಹೇಗೆ ಕೇಳುತ್ತದೆ ಎನ್ನುವುದನ್ನು ಕೊನೆಗೆ ಮನುಷ್ಯರ ಕಿವಿಯೇ ಹೇಳಬೇಕು. ಹಾಗೆ ಕೇಳಿ ಒಂದರಿಂದ ಐದರವರೆಗೆ ಅಂಕ ಕೊಡುವವರಲ್ಲಿ ನಾನೂ ಒಬ್ಬಳು.

ಕೇಳುವ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಬಾಗಿಲು ಬಂದರಿನ ಮೀನಿನ ಕೋಲ್ಡ್ ಸ್ಟೋರೇಜಿನ ಬಾಗಿಲಿನಷ್ಟು ದಪ್ಪ. ಅದು ಮುಚ್ಚಿದ ಕೂಡಲೇ ಹೊರಗಿನ ಗದ್ದೆಯ ಕಪ್ಪೆ, ರಸ್ತೆಯ ಬಸ್ಸು, ಕಾಲೇಜು ಹುಡುಗರ ಬೊಬ್ಬೆ ಎಲ್ಲ ಒಮ್ಮೆಲೇ ಕಡಿದು ಬೀಳುತ್ತದೆ. ಮೊದಲ ದಿನ ಒಳಗೆ ಕೂತಾಗ ನನ್ನ ಎಂಜಲು ನುಂಗುವ ಸದ್ದಿಗೆ ನಾನೇ ಬೆಚ್ಚಿದ್ದೆ. ಫೋನು ಒಳಗೆ ಒಯ್ಯುವಂತಿಲ್ಲ. ಹೊರಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಕೇಳಿದ ಧ್ವನಿಯ ಬಗ್ಗೆ ಹೊರಗೆ ಮಾತಾಡುವಂತಿಲ್ಲ. ಪ್ರಾಜೆಕ್ಟ್ ಮುಗಿಯುವವರೆಗೆ ಕೆಲಸ ಬಿಡುವಂತಿಲ್ಲ ಎಂದೂ ಸಹಿ ಹಾಕಿದ್ದೆ. ಆ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆಂದು ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ.

ನಮ್ಮ ತಂಡದ ಮುಖ್ಯಸ್ಥರು ನನಗಿಂತ ಸ್ವಲ್ಪ ಹಿರಿಯ ಇಂಜಿನಿಯರ್. ಮನೆಯಲ್ಲಿ ತುಳು, ತಂದೆ ದೇವಸ್ಥಾನದ ಅರ್ಚಕರು. ಮಾತಿನ ಮಧ್ಯೆ ಕಣ್ಣು ಮುಚ್ಚಿ ತಲೆ ವಾಲಿಸಿ ಏನನ್ನೋ ಕೇಳುತ್ತಾ ನಿಂತುಬಿಡುವ ಅಭ್ಯಾಸ ಅವರಿಗೆ. ಇದೆಲ್ಲ ಹೇಗೆ ನಡೆಯುತ್ತದೆಂದು ನನಗೆ ಹೇಳಿಕೊಟ್ಟವರು ಅವರೇ. ಆಡಿದ ಮಾತನ್ನು ರೆಪ್ಪೆ ಬಡಿಯುವುದಕ್ಕಿಂತ ಸಣ್ಣ ಚೂರುಗಳಾಗಿ ಕತ್ತರಿಸುತ್ತಾರೆ. ಹಿಂದೆಲ್ಲ ಆ ಚೂರುಗಳನ್ನೇ ಆದಷ್ಟು ತೆಳುಮಾಡಿ ಕಳಿಸುತ್ತಿದ್ದರು. ಅದಕ್ಕೇ ಹಳೆಯ ಫೋನಿನಲ್ಲಿ ಎಲ್ಲರ ಸ್ವರವೂ ಡಬ್ಬದೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಈಗ ಹೊಸದಾಗಿ ಬರುತ್ತಿರುವುದರಲ್ಲಿ ಚೂರಿನ ಬದಲು ಅದರ ಗುರುತುಗಳನ್ನಷ್ಟೇ ಕಳಿಸುತ್ತಾರೆ. ಆಚೆ ತುದಿಯ ಯಂತ್ರ ಎಷ್ಟೆಷ್ಟೋ ಜನರ ಮಾತು ಕೇಳಿ ಪಳಗಿದ್ದು, ಆ ಗುರುತು ನೋಡಿ ಸ್ವರವನ್ನು ಮತ್ತೆ ಕಟ್ಟುತ್ತದೆ. ದಾರಿಯಲ್ಲಿ ಒಂದೆರಡು ಚೂರು ಕಳೆದುಹೋದರೆ ಅಲ್ಲಿ ಏನಿದ್ದಿರಬಹುದು ಎಂದು ಊಹಿಸಿ ತುಂಬುತ್ತದೆ. ಮಾತಲ್ಲದ ಸದ್ದನ್ನು, ಅಂದರೆ ಫ್ಯಾನು, ಹಾರ್ನು, ಪಾತ್ರೆಯ ಸದ್ದನ್ನೆಲ್ಲ, ಕಸವೆಂದು ಗುಡಿಸಿ ಎಸೆಯುತ್ತದೆ.

ನನಗೆ ಈ ಹೊಸದು ಇಷ್ಟವಾಗಿತ್ತು. ಕಿವಿ ಮಂದವಾದವರಿಗೆ ಗದ್ದಲವೇ ದೊಡ್ಡ ಶತ್ರು ಎಂದು ಆಸ್ಪತ್ರೆಯಲ್ಲಿ ನೋಡಿದ್ದೆನಲ್ಲ. ಅಂಕ ಕೊಡುವಾಗ ಕೈ ಬಿಗಿಹಿಡಿಯುತ್ತಿರಲಿಲ್ಲ.

ಆಗ ನನ್ನ ಅಕ್ಕ ಗಲ್ಫಿನಲ್ಲಿದ್ದಳು. ಹೋಮ್ ನರ್ಸ್. ಒಬ್ಬ ವೃದ್ಧೆಯನ್ನು ನೋಡಿಕೊಳ್ಳುವ ಕೆಲಸ. ಆ ಮನೆಯವರು ನಮ್ಮ ಕಡೆಯವರೇ. ಅಜ್ಜಿ, ಅವರ ಮಗ, ಸೊಸೆ, ಮನೆಯಲ್ಲಿ ತುಳು ಮಾತು. ಕೆಲಸ ಕೊಡಿಸಿದವರು ನಾವು ಇಗರ್ಜಿ ಎನ್ನುವ ಚರ್ಚಿನಲ್ಲಿ ಪ್ರತಿ ಭಾನುವಾರ ಕಾಣಸಿಗುವ ಒಬ್ಬ ಪರಿಚಯಸ್ಥರು. ಹಾಗಾಗಿ ಮಮ್ಮಿಗೆ ಚಿಂತೆಯೇ ಇರಲಿಲ್ಲ. "ಗುರುತಿಲ್ಲದ ಮನೆಯಲ್ಲ, ನಮ್ಮ ಊರಿನವರ ಮನೆ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಮಮ್ಮಿ, ನಾನು ಇಬ್ಬರೇ ವಿಮಾನ ನಿಲ್ದಾಣದ ಪಕ್ಕದ ಬಜಪೆಯ ಮನೆಯಲ್ಲಿ. ವಿಮಾನ ಇಳಿಯುವಾಗ ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುತ್ತವೆ.

ಅಕ್ಕ ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಕರೆ ಮಾಡುತ್ತಿದ್ದಳು. ಅಲ್ಲಿ ಎಲ್ಲ ಆ್ಯಪ್‌ಗಳಿಗೂ ಕರೆಗೆ ಅನುಮತಿಯಿಲ್ಲ; ನಡೆಯುವ ಒಂದನ್ನು ಇಬ್ಬರೂ ಹಾಕಿಕೊಂಡಿದ್ದೆವು. ನಾನು ಕೋಣೆಯೊಳಗೆ ಇರುತ್ತಿದ್ದುದರಿಂದ ರಜಾದಿನ ಮಾತ್ರ ಅವಳ ಸ್ವರ ನನಗೆ ಸಿಗುತ್ತಿತ್ತು. ಮೊದಮೊದಲು ಮಾತಿನ ನಡುವೆ ವಿಮಾನ ಬಂದರೆ ಅಕ್ಕ ಖುಷಿಯಿಂದ "ತಡಿ, ತಡಿ, ಅದು ಹೋಗಲಿ" ಎಂದು ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ಆ್ಯಪ್ ಹೊಸದಾಯಿತು. ಒಂದು ರಜೆಯ ದಿನ ಅವಳು ಕೇಳಿದಳು.

"ನೀವು ಮನೆ ಬದಲಿಸಿದ್ರಾ?"

"ಇಲ್ವಲ್ಲ. ಯಾಕೆ?"

"ವಿಮಾನವೇ ಕೇಳುವುದಿಲ್ಲ ಈಗ. ನೀವಿಬ್ಬರೂ ಖಾಲಿ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ ಆಗ್ತದೆ."

ಆ ಹೊತ್ತಿಗೆ ಸರಿಯಾಗಿ ತಲೆಯ ಮೇಲೊಂದು ವಿಮಾನ ಹಾದುಹೋಗುತ್ತಿತ್ತು. ಸದ್ದನ್ನು ತಂತ್ರಾಂಶ ಅಳಿಸುತ್ತದೆ, ಅದು ಒಳ್ಳೆಯದೇ ಎಂದು ನಾನು ವಿವರಿಸಿದೆ. ಅಕ್ಕ "ಹೌದಾ" ಎಂದು ಮಾತ್ರ ಹೇಳಿದಳು.

ಅವಳ ಒಪ್ಪಂದದ ಅವಧಿ ಮುಗಿಯಿತು. ಅಜ್ಜಿಗೆ ಜ್ವರ, ಇನ್ನು ಸ್ವಲ್ಪ ದಿನ ಎಂದರು. ಜ್ವರ ಬಿಟ್ಟಿತು, ಬದಲಿಗೆ ಬೇರೆ ಹುಡುಗಿ ಸಿಗಬೇಕು ಎಂದರು. ಆಮೇಲೆ ಟಿಕೇಟು, ಆಮೇಲೆ ಸೊಸೆಯ ಪರೀಕ್ಷೆ. ಪಾಸ್‌ಪೋರ್ಟ್ ಜೋಪಾನವಾಗಿರಲಿ ಎಂದು ಬಂದ ದಿನವೇ ಅವರ ಕಪಾಟಿಗೆ ಹೋಗಿತ್ತು. ಇದೆಲ್ಲ ನಮಗೆ ಆಗ ಬಿಡಿಬಿಡಿಯಾಗಿ, ಯಾವ ಮಹತ್ವವೂ ಇಲ್ಲದ ಸುದ್ದಿಗಳ ಹಾಗೆ ತಲುಪುತ್ತಿತ್ತು. "ನನಗೆಂತ, ಸೌಖ್ಯ. ಊಟ ಎಲ್ಲ ಚೆನ್ನಾಗಿ ಉಂಟು" ಎನ್ನುತ್ತಿದ್ದಳು ಅಕ್ಕ. ಮನೆಯವರಿಗೆ ಕನ್ನಡ, ತುಳು ಎರಡೂ ಗೊತ್ತು, ನಮ್ಮ ಕೊಂಕಣಿಯೂ ಅಷ್ಟಿಷ್ಟು ತಿಳಿಯುತ್ತದೆ, ಅವರ ಕಿವಿಗೆ ಬೀಳುವಲ್ಲಿ ಅವಳು ಬೇರೆ ಏನೂ ಹೇಳುವಂತಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಅವಳ ಸ್ವರ ನುಣ್ಣಗೆ, ಗಾಜಿನ ಹಾಗೆ ಬರುತ್ತಿತ್ತು. ಅದರ ಹಿಂದೆ ಒಂದು ಗೋಡೆ, ಒಂದು ಬಾಗಿಲು, ಒಂದು ಮನೆ ಇದೆಯೆಂದು ತೋರಿಸುವ ಯಾವುದೂ ಇರುತ್ತಿರಲಿಲ್ಲ.

ಒಂದು ರಜೆಯ ದಿನ ಮಮ್ಮಿ ಬಂಗುಡೆ ಕೊಯ್ಯುತ್ತಿದ್ದಳು. ಅಕ್ಕನ ಕರೆ ಬಂತು. ಮಮ್ಮಿಯ ಕೈ ಮೀನಾಗಿದ್ದರಿಂದ ನಾನು ಸ್ಪೀಕರಿಗೆ ಹಾಕಿ ಮೆಟ್ಟುಕತ್ತಿಯ ಪಕ್ಕ ಇಟ್ಟೆ. ಸಂಪರ್ಕ ಬಹಳ ಕೆಟ್ಟಿತ್ತು. ಸ್ವರ ಎಳೆದು, ಅಂಟಿಕೊಂಡು, ಮತ್ತೆ ಹಾರಿ ಬರುತ್ತಿತ್ತು. "ಮಮ್ಮಿ... ಕೇಳು..." ಎಂದದ್ದು ತಿಳಿಯಿತು. ನಡುವೆ ಏನೋ ಕಲಸಿಹೋಯಿತು. ಕೊನೆಗೆ ಒಂದೇ ಒಂದು ಕೊಂಕಣಿ ಶಬ್ದ ಕೇಳಿ ಕರೆ ಕಡಿಯಿತು.

ಮಮ್ಮಿ ಕೈಯಲ್ಲಿದ್ದ ಮೀನು ಬಿಟ್ಟು ಎದ್ದು ನಿಂತಳು. "ಬರ್ತಾಳಂತೆ!"

ಅವಳಿಗೆ ಕೇಳಿದ್ದು "ಯೆತಾಂ". ನಮ್ಮ ಮಾತಿನಲ್ಲಿ ಹಾಗೆಂದರೆ 'ನಾನು ಬರುತ್ತೇನೆ'. ನನಗೆ ಕೇಳಿದ್ದು "ಯೆತಾ". ಹಾಗೆಂದರೆ ಬೇರೆ ಯಾರೋ ಬರುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಸ್ವರ ಮೂಗಿಗೆ ತಾಗಿದೆಯೋ ಇಲ್ಲವೋ ಎನ್ನುವುದು ಮಾತ್ರ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಸೊನ್ನೆಯಷ್ಟು.

"ಮಮ್ಮಿ, ಅವಳು ಹಾಗೆ ಹೇಳಲಿಲ್ಲ ಅಂತ ಕಾಣ್ತದೆ."

"ನೀನು ಕಿವಿ ಓದಿದ್ದು ಸಾಕು. ಹೆತ್ತವಳು ನಾನು."

ತಿರುಗಿ ಕರೆ ಮಾಡಿದರೆ ಅಕ್ಕ ಎತ್ತಲಿಲ್ಲ. ಸಂಜೆಗೆ "ಫ್ರೀ ಇಲ್ಲ, ಆಮೇಲೆ" ಎಂದು ಒಂದು ಸಂದೇಶ ಬಂತು, ಅಷ್ಟೇ. ಮಮ್ಮಿ ಮರುದಿನವೇ ಅಕ್ಕನ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕಿದಳು. ನೆರೆಮನೆಗೆ ಹೇಳಿದಳು, ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಸಿಕ್ಕಿದವರಿಗೆಲ್ಲ ಹೇಳಿದಳು. ಬೆಳಿಗ್ಗೆ ಕೈಕಂಬದಲ್ಲಿ ಬಸ್ಸು ಬದಲಿಸಿ ವಾಮಂಜೂರಿಗೆ ಹೋಗುವುದು, ಫೋನನ್ನು ಪೆಟ್ಟಿಗೆಯಲ್ಲಿಡುವುದು, ಆ ಬಾಗಿಲನ್ನು ನಾನೇ ಎಳೆದುಕೊಳ್ಳುವುದು. ಒಳಗೆ ಹೆಡ್‌ಫೋನಿನಲ್ಲಿ ಯಾರ್ಯಾರೋ ಅಪರಿಚಿತರು ನೆಮ್ಮದಿಯಿಂದ ಹವಾಮಾನದ ಬಗ್ಗೆ, ರೈಲಿನ ಬಗ್ಗೆ ಮಾತಾಡುತ್ತಿದ್ದರು. ಅದೇ ಹೊತ್ತಿಗೆ ಹೊರಗಿನ ಪೆಟ್ಟಿಗೆಯಲ್ಲಿ ಅಕ್ಕನ ಕರೆ ಬಂದು ನಿಂತುಹೋದದ್ದು ಎರಡು ಸಲ ಸಂಜೆ ನೋಡಿ ಗೊತ್ತಾಯಿತು. ಮಮ್ಮಿಗೆ ಮಾಡದೆ ನೇರ ನನಗೇ ಮಾಡಿದ್ದಳು.

ಇಂಜಿನಿಯರರು ನನ್ನ ಅಂಕಗಳನ್ನು ನೋಡುತ್ತಾ ಬಂದರು.

"ಎಂತ ಆಯ್ತು ನಿಮಗೆ? ಎಲ್ಲದಕ್ಕೂ ಮೂರು, ಮೂರು, ಮೂರು ಕೊಟ್ಟಿದ್ದೀರಿ."

ನಾನು ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ತಲೆ ವಾಲಿಸಿ ನಿಂತರು. ಆ ಎರಡು ಶಬ್ದಗಳನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದರು.

"ಬನ್ನಿ, ನೋಡುವ" ಎಂದರು.

ಊಟದ ಬಿಡುವಿನಲ್ಲಿ ನಾನು ಕೋಣೆಯೊಳಗೆ ನಿಂತು ಎರಡೂ ಶಬ್ದಗಳನ್ನು ಬೇರೆಬೇರೆ ಬಗೆಯಲ್ಲಿ ಹೇಳಿದೆ: ಮೆಲ್ಲಗೆ, ಗಡಿಬಿಡಿಯಲ್ಲಿ, ಗುಟ್ಟು ಹೇಳುವವರ ಹಾಗೆ. ಅದನ್ನು ಅವರು ಕೆಟ್ಟ ಸಂಪರ್ಕದಲ್ಲಿ ಹಾಯಿಸಿದ ಹಾಗೆ ಮಾಡಿ, ಕಲಸಿ, ನನಗೆ ಕೇಳಿಸಿದರು. ಯಾವುದು ಯಾವುದೆಂದು ನಾನು ಹೇಳಬೇಕು. ನನ್ನದೇ ಗಂಟಲು, ತೊಟ್ಟಿಲಲ್ಲಿ ಕಲಿತ ಭಾಷೆ. ಹೇಳುತ್ತಾ ಹೋದೆ. ಮುಗಿದ ಮೇಲೆ ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ನಾಣ್ಯ ಚಿಮ್ಮಿಸಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು.

"ಶಬ್ದದ ಬಾಲದ ಚೂರು ದಾರಿಯಲ್ಲಿ ಹೋಯ್ತು ಅಂತ ಇಟ್ಕೊಳ್ಳಿ. ಇದು ಎಂತ ಮಾಡ್ತದೆ, ಹಿಂದಿನ ಸ್ವರವನ್ನೇ ಎಳೀತದೆ, ಎಳೆದು ಮೆಲ್ಲ ಆರಿಸ್ತದೆ. ಮೂಗು ಅಲ್ಲಿಗೆ ಹೋಯ್ತು. ಕೊಂಕಣಿಯಲ್ಲಿ ಅಲ್ಲಿ ಮೂಗು ಬೇಕು ಅಂತ ಇದಕ್ಕೆ ಯಾರು ಹೇಳಿಕೊಟ್ಟಿದ್ದಾರೆ ಹೇಳಿ? ನಮ್ಮ ತುಳುವೂ ಇಲ್ಲ ಇದರ ಪಾಠದಲ್ಲಿ."

"ಹಾಗಾದ್ರೆ ಗೊತ್ತುಮಾಡಿಕೊಳ್ಳುವ ದಾರಿ ಇಲ್ವಾ ಸರ್?"

"ಆ ಕರೆಯಿಂದ ಇಲ್ಲ." ಪರದೆಯನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡು ಹೇಳಿದರು, "ಆದರೆ ಒಂದು ಉಂಟು. ಕೆಲವು ಮೀಟಿಂಗ್ ಆ್ಯಪ್‌ಗಳಲ್ಲಿ ಸದ್ದು ಅಳಿಸುವುದನ್ನು ಬಂದ್ ಮಾಡ್ಲಿಕ್ಕೆ ಆಗ್ತದೆ. ಸಂಗೀತ ಪಾಠ ಮಾಡುವವರಿಗೆ ಅಂತ ಇಟ್ಟದ್ದು. ಅದನ್ನು ಹಾಕಿದ್ರೆ ಅಲ್ಲಿದ್ದದ್ದು ಇದ್ದ ಹಾಗೆ ಬರ್ತದೆ. ಅಕ್ಕನಿಗೆ ಹೇಳಿ ನೋಡಿ. ನಾಳೆ ಬೇಕಾದ್ರೆ ರಜೆ ಹಾಕಿ, ನಾನು ನೋಡಿಕೊಳ್ತೇನೆ."

ರಜೆ ಹಾಕಿ ಮನೆಯಲ್ಲಿ ಕೂತೆ. ಮಧ್ಯಾಹ್ನ ಅಕ್ಕ ಕರೆ ಮಾಡಿದಾಗ, ಕೊಂಡಿ ಕಳಿಸುತ್ತೇನೆ, ಅದನ್ನು ಒತ್ತಿ ಒಳಗೆ ಬಂದು ಇಂಥ ಗುಂಡಿ ಬದಲಿಸು ಎಂದು ಗಡಿಬಿಡಿಯಲ್ಲಿ ಹೇಳಿದೆ. ಯಾಕೆಂದು ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ಹೆಡ್‌ಫೋನಿನಲ್ಲಿ ಒಂದು ಮನೆ ತೆರೆದುಕೊಂಡಿತು. ಏಸಿಯ ಗುಂಯ್ ಸದ್ದು, ಎಲ್ಲೋ ತೊಟ್ಟಿಕ್ಕುವ ನಲ್ಲಿ, ಪಕ್ಕದ ಕೋಣೆಯಲ್ಲಿ ಮುದುಕಿಯ ಕೆಮ್ಮು. ಇಷ್ಟು ದಿನ ಅವಳು ಇದರೊಳಗೆ ಇದ್ದಳು. ನಾನು ಏನಾದರೂ ಹೇಳುವ ಮೊದಲೇ ಬಾಗಿಲು ಎಳೆದುಕೊಂಡ ಸದ್ದು, ಅದರ ಬೆನ್ನಿಗೆ ಕೀಲಿ ಎರಡು ಸುತ್ತು ತಿರುಗಿದ ಸದ್ದು.

"ಅದೆಂತ ಅಕ್ಕ?"

"ಅವರು ಊಟಕ್ಕೆ ಬಂದು ತಿರುಗಿ ಆಫೀಸಿಗೆ ಹೋದ್ರು."

"ಬೀಗ ಹಾಕಿದ್ದು ಯಾಕೆ? ನೀನು ಒಳಗೆ ಇದ್ದೀಯಲ್ಲ?"

"ದಿನಾ ಹಾಕ್ತಾರೆ. ಅಜ್ಜಿ ಹೊರಗೆ ಹೋಗ್ತಾರೆ ಅಂತ. ಅವರಿಗೆ ತಲೆ ಸರಿ ಇಲ್ಲ ಅಂತ ಹೇಳ್ತಾರೆ ಮಗ."

"ಕೀಲಿ ನಿನ್ನ ಹತ್ರ ಇಲ್ವಾ?"

ಏಸಿ ಗುಂಯ್ಗುಡುತ್ತಿತ್ತು. ಆಮೇಲೆ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ಅಳುವ ಸದ್ದು ಬಂತು.

"ಮೊನ್ನೆ ಫೋನ್ ಮಾಡಿದಾಗ ಬರ್ತೇನೆ ಅಂತ ಹೇಳಿದ್ದಾ?"

"ಇಲ್ಲಪ್ಪ. ಹೇಗೆ ಬರುವುದು? ಅವರು ಬರ್ತಾ ಇದ್ರು. ಅದಕ್ಕೆ ಇಟ್ಟೆ."

ಮಮ್ಮಿ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಒಂದು ಕಿವಿಯ ಹೆಡ್‌ಫೋನನ್ನು ಅವಳ ಕಿವಿಗೆ ಒತ್ತಿ ಹಿಡಿದಿದ್ದೆ. ಅವಳು ಎದ್ದು ಹೋಗಿ ಅಕ್ಕನ ಹಾಸಿಗೆಯ ಹೊದಿಕೆಯನ್ನು ಮಡಚತೊಡಗಿದಳು. ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಮಾಡಬಹುದಾದ್ದನ್ನೆಲ್ಲ ಮಾಡಿದೆ. ಕೆಲಸ ಕೊಡಿಸಿದವರನ್ನು ಕಂಡೆ. "ಮಾತಾಡ್ತೇನೆ. ಒಳ್ಳೆ ಜನ ಅವರು" ಎಂದರು, ಮುಂದಿನ ಭಾನುವಾರ ನಮ್ಮನ್ನು ಕಂಡು ಬೇರೆ ಬಾಗಿಲಿನಿಂದ ಹೋದರು. ರಾಯಭಾರ ಕಚೇರಿಗೆ ದೂರು ಬರೆದೆ. ಅವಳೇ ಬಂದು ಕಾಣಲಿ, ಇಲ್ಲವೇ ಈ ನಂಬರಿಗೆ ಕರೆ ಮಾಡಲಿ ಎಂದು ಉತ್ತರ ಬಂತು. ಅಕ್ಕ ಕರೆ ಮಾಡಲು ಒಪ್ಪಲಿಲ್ಲ. ಪೊಲೀಸರು ಬಂದರೆ ಅಜ್ಜಿಗೆ ಏನಾದರೂ ಆದೀತು, ತನ್ನ ಮೇಲೆಯೇ ಏನಾದರೂ ಹೊರಿಸಿಯಾರು ಎಂದು ಅವಳ ಹೆದರಿಕೆ. ಕೊನೆಗೆ ನಾನೇ ಆ ಮನೆಯ ಯಜಮಾನನಿಗೆ ಕರೆ ಮಾಡಿದೆ. ಸ್ವರ ತುಂಬ ಸೌಜನ್ಯದ್ದು.

"ನಿಮ್ಮ ಅಕ್ಕ ಅಂದ್ರೆ ನಮಗೆ ಮನೆಮಗಳ ಹಾಗೆ. ಅಮ್ಮನಿಗೆ ಈಗ ಯಾರೂ ತಿಳಿಯುವುದಿಲ್ಲ, ಅವಳು ಒಬ್ಬಳೇ. ಇನ್ನು ಸ್ವಲ್ಪ ದಿನ ಹೊಂದಿಕೊಳ್ಳಿ ಆಯ್ತಾ?"

"ಪಾಸ್‌ಪೋರ್ಟ್ ಅವಳ ಕೈಯಲ್ಲಿ ಕೊಡಿ, ಸ್ವಲ್ಪ ದಿನ ಇರ್ತಾಳೆ."

"ಅದೆಲ್ಲ ಜೋಪಾನ ಉಂಟು ಮಾರಾಯ್ರೆ. ನಾವೆಂತ ಹೊರಗಿನವರಾ?"

ಬೈದಿದ್ದರೆ, ಹೆದರಿಸಿದ್ದರೆ ನನಗೊಂದು ಹಿಡಿ ಸಿಗುತ್ತಿತ್ತು. ಆ ಮಾತಿನಲ್ಲಿ ಉಗುರು ಊರಲು ಜಾಗವೇ ಇರಲಿಲ್ಲ.

ಆಮೇಲೆ ಅಕ್ಕನ ಕರೆಗಳನ್ನು ನಾನು ಆ ಬಗೆಯಲ್ಲೇ ಕೇಳತೊಡಗಿದೆ. ರಜೆಗಳು ಮುಗಿದಿದ್ದವು, ಇಂಜಿನಿಯರರು ಊಟದ ಬಿಡುವನ್ನು ನನಗಾಗಿ ಹಿಂದೆ ಮುಂದೆ ಮಾಡುತ್ತಿದ್ದರು. ಕಟ್ಟಡದ ಹಿಂದೆ, ಹಳೆಯ ಗದ್ದೆಯ ಅಂಚಿನಲ್ಲಿ ಉಳಿದಿರುವ ಕಲ್ಲುಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಒಂದು ದಿನ ಅಜ್ಜಿ ಎದ್ದು ಬಂದು ಅಕ್ಕನ ಹತ್ತಿರ ಮಾತಾಡಿದರು. ಅಕ್ಕ ತುಳುವಿನಲ್ಲಿ "ಮಾತ್ರೆ ತಿಂದಿರಾ?" ಎಂದು ಕೇಳಿದಳು. ಅಜ್ಜಿ "ಹೌದು, ನಿನ್ನೆ ರಾತ್ರೆ ಬಂದ" ಎಂದರು. ಇಂಥ ತಾಳಮೇಳವಿಲ್ಲದ ಉತ್ತರಗಳಿಂದಲೇ ಮಗ ಅವರಿಗೆ ಮರೆವಿನ ಕಾಯಿಲೆ ಎಂದು ತೀರ್ಮಾನಿಸಿದ್ದ. ನನಗೆ ಅತ್ತಾವರದ ದಿನಗಳು ನೆನಪಾದವು. ಮಕ್ಕಳು ಕೈಹಿಡಿದು ತಂದು ಕೂರಿಸಿ "ಇವರಿಗೆ ತಲೆ ಹೋಗಿದೆ" ಎನ್ನುತ್ತಿದ್ದ ಎಷ್ಟೋ ಹಿರಿಯರು, ಕಿವಿಗೆ ಯಂತ್ರ ಇಟ್ಟ ಕೂಡಲೇ ಸೊಸೆಯ ಅಡುಗೆಯ ಬಗ್ಗೆ ಸರಿಯಾಗಿಯೇ ದೂರು ಹೇಳಲು ಶುರುಮಾಡುತ್ತಿದ್ದರು.

"ಅಕ್ಕ, ಅವರ ಹಿಂದೆ ನಿಂತು ಹೆಸರು ಹಿಡಿದು ಕರೆ. ತಿರುಗ್ತಾರಾ?"

ತಿರುಗಲಿಲ್ಲ.

"ಈಗ ಕಿವಿಯ ಹತ್ರ ಬಾಯಿ ಇಟ್ಟು, ದಪ್ಪ ಸ್ವರದಲ್ಲಿ, ಬೊಬ್ಬೆ ಹೊಡೆಯದೆ ಹೇಳು."

ಅಜ್ಜಿ ಥಟ್ಟನೆ ಉತ್ತರಿಸಿದರು. ಸರಿಯಾದ ಉತ್ತರ.

ಅಕ್ಕನ ಹತ್ತಿರ ತಂತಿಯ ಇಯರ್‌ಫೋನು ಇತ್ತು. ಅದನ್ನು ಅಜ್ಜಿಯ ಕಿವಿಗೆ ಹಾಕಿ ಸದ್ದು ಪೂರ್ತಿ ಏರಿಸಲು ಹೇಳಿದೆ. ನನ್ನ ಫೋನಿನಲ್ಲೂ ಅಳಿಸುವುದನ್ನು ಬಂದ್ ಮಾಡಿದೆ. ಮೊದಲೇ ಕೇಳದ ಕಿವಿಗೆ ಯಂತ್ರದ ಕತ್ತರಿಯೂ ಸೇರುವುದು ಬೇಡ. ನಾನು ತುಳುವಿನಲ್ಲಿ, ತಡೆತಡೆದು, ಒಂದೊಂದೇ ವಾಕ್ಯ ಹೇಳಿದೆ.

"ಅಮ್ಮ, ನಾನು ಮಂಗಳೂರಿನಿಂದ. ನಿಮ್ಮನ್ನು ನೋಡಿಕೊಳ್ಳುವವಳ ತಂಗಿ."

"ಹಕ್ಕಿ ಕೂಗ್ತಾ ಉಂಟಾ ಅಲ್ಲಿ?" ಎಂದರು ಅಜ್ಜಿ.

ನಾನು ಸುತ್ತ ನೋಡಿದೆ. ಗದ್ದೆಯ ಅಂಚಿನ ಮಾವಿನ ಮರದಲ್ಲಿ ಮೈನಾಗಳು ಜಗಳಾಡುತ್ತಿದ್ದವು. "ಹೌದಮ್ಮ" ಎಂದೆ.

"ಎಲ್ಲರೂ ಬಾಯಿ ಮಾತ್ರ ಆಡಿಸ್ತಾರೆ ಇಲ್ಲಿ. ಸ್ವರ ಬರುವುದಿಲ್ಲ. ನನಗೆ ಹುಚ್ಚು ಅಂತ ಅವರ ಲೆಕ್ಕ." ಆಮೇಲೆ ಕೇಳಿದರು, "ಇವಳಿಗೆ ತಂಗಿ ಇದ್ದೀಯಾ? ಊರಲ್ಲಿ ಯಾರೂ ಇಲ್ಲ, ಹೋಗ್ಲಿಕ್ಕೆ ಜಾಗ ಇಲ್ಲ ಅಂತ ಹೇಳಿದ್ದ ಮಗ. ಇವಳು ಬಂದ ಹೊಸತರಲ್ಲಿ ಹೇಳಿದ್ದು, ಆಗ ಸ್ವಲ್ಪ ಕೇಳ್ತಿತ್ತು."

"ತಾಯಿಯೂ ಇದ್ದಾರೆ ಅಮ್ಮ. ಅವಳು ಬರುವುದು ಯಾವಾಗ ಅಂತ ಕಾಯ್ತಾ ಇದ್ದಾರೆ. ಬಿಡುವ ಸಮಯ ಯಾವಾಗಲೋ ಆಗಿದೆ. ಪಾಸ್‌ಪೋರ್ಟ್ ನಿಮ್ಮ ಮಗನ ಹತ್ರ ಉಂಟು. ದಯಮಾಡಿ ಅವಳನ್ನು ಕಳಿಸಿಕೊಡಿ."

"ಹಾಂ" ಎಂದರು ಅಜ್ಜಿ. ಅಷ್ಟೇ. ಇಯರ್‌ಫೋನು ತೆಗೆದ ಸದ್ದು ಬಂತು.

ಆ ದಿನ ಸಂಜೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಮನೆಗೆ ಊರವರ ಸಂಘದ ಒಂದಿಬ್ಬರು ಬಂದಿದ್ದರಂತೆ. ಎಲ್ಲರೂ ಚಹಾ ಕುಡಿಯುತ್ತಿರುವಾಗ ಅಜ್ಜಿ ಬಂದು ಮಗನ ಎದುರು ನಿಂತು, "ಈ ಹುಡುಗಿಯ ಪಾಸ್‌ಪೋರ್ಟ್ ಕೊಡು. ಅವಳಿಗೆ ತಾಯಿ ಇದ್ದಾಳೆ" ಎಂದರಂತೆ. ಮಗ ನಕ್ಕು, ಅಮ್ಮನಿಗೆ ಮರೆವು ಎಂದು ಅವರಿಗೆ ಹೇಳಿದ. ಅಜ್ಜಿ ಇಯರ್‌ಫೋನು ಚುಚ್ಚಿದ ಫೋನನ್ನು ಮೇಜಿನ ಮೇಲಿಟ್ಟು, ತುದಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು, "ಈಗ ನೀನು ಹೇಳು, ಕೇಳ್ತೇನೆ" ಎಂದರು. ಮಾತಿನ ಸದ್ದನ್ನು ಕಿವಿಗೆ ಏರಿಸಿ ಕೊಡುವ ಒಂದು ಆ್ಯಪನ್ನು ಆ ಮಧ್ಯಾಹ್ನವೇ ನಾನು ಅಕ್ಕನ ಕೈಯಲ್ಲಿ ಹಾಕಿಸಿದ್ದೆ. ಮಗ ಬಾಯಿಗೆ ಬಂದ ಎರಡು ಪ್ರಶ್ನೆ ಕೇಳಿದ. ಅಜ್ಜಿ ಎರಡಕ್ಕೂ ಸರಿಯಾಗಿ ಉತ್ತರಿಸಿದರು. ಬಂದವರು ಚಹಾದ ಲೋಟ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದರ ಮರುದಿನವೇ ಅಕ್ಕ ಹೊರಟಳು ಎಂದು ಬರೆಯಲು ನನಗೆ ಇಷ್ಟ. ಹಾಗೆ ಆಗಲಿಲ್ಲ. ಅಜ್ಜಿಗೆ ಶ್ರವಣಯಂತ್ರ ಕೂರಿಸಿ ಅಭ್ಯಾಸವಾಗುವವರೆಗೆ ಇರಲಿ ಎಂದರು. ಅದು ಒಂದು ಹೊಸ ನೆಪವಾಗಿ ಬೆಳೆಯಿತು. ಅಕ್ಕನ ಇಯರ್‌ಫೋನು ಕಾಣೆಯಾಯಿತು. ವೈಫೈಯ ಗುಟ್ಟುಪದ ಬದಲಾಯಿತು. ಕರೆಗಳು ನಿಂತವು. ನಾನು ಕೋಣೆಯೊಳಗೆ ಕೂತು ಅಂಕ ಕೊಡುತ್ತಿದ್ದೆ. ಯಾರೋ ಇಂಗ್ಲಿಷಿನಲ್ಲಿ ಒಂದೇ ವಾಕ್ಯವನ್ನು ಇಪ್ಪತ್ತು ಬಗೆಯ ನುಣುಪಿನಲ್ಲಿ ಹೇಳುತ್ತಿದ್ದರು. ಬಾಗಿಲು ಒಳಗಿನಿಂದಲೇ ತೆರೆಯುವಂಥದ್ದು ಎಂದು ಗೊತ್ತಿದ್ದೂ ಎದ್ದುಹೋಗಿ ಹಿಡಿಕೆಯನ್ನು ತಿರುಗಿಸಿ ನೋಡಿ ಬರುತ್ತಿದ್ದೆ. ಮಮ್ಮಿ ಇಗರ್ಜಿಗೆ ಹೋಗುವುದನ್ನೇ ಬಿಟ್ಟಳು. ಯಾವಾಗ ಬರ್ತಾಳೆ ಎಂದು ಯಾರಾದರೂ ಕೇಳಿಯಾರೆಂದು ಅವಳಿಗೆ ಭಯ.

ಬಿಡಿಸಿದವರು ಅಜ್ಜಿಯೇ. ಯಂತ್ರ ಕಿವಿಗೆ ಬಂದ ಮೇಲೆ ಅವರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಸೀರೆ ಉಟ್ಟು, ಒಂದು ಕೈಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕುರ್ಚಿ ಹಾಕಿ ಕೂರತೊಡಗಿದರಂತೆ. ಮಗ ಸೊಸೆ ಆಫೀಸಿಗೆ ಹೊರಡಲು ಬಾಗಿಲು ತೆರೆದ ಕೂಡಲೇ, "ಅವಳನ್ನು ಕಳಿಸುವುದಿಲ್ಲವಾದ್ರೆ ನಾನು ಹೊರಗೆ ಬರ್ತೇನೆ, ಲಿಫ್ಟಿನಲ್ಲಿ ಸಿಕ್ಕಿದವರ ಹತ್ರ ಹೇಳ್ತೇನೆ" ಎಂದು ಏರುದನಿಯಲ್ಲಿ ಹೇಳುವುದು. ಕಿವಿ ಕೇಳದವರ ಸ್ವರ ಮೊದಲೇ ದೊಡ್ಡದು. ಎದುರು ಮನೆಗಳ ಬಾಗಿಲು ತೆರೆಯುತ್ತಿದ್ದವಂತೆ. ಅದರಲ್ಲಿ ಊರವರ ಸಂಘದವರದ್ದೂ ಒಂದು ಮನೆ. ಮಗನಿಗೆ ಎಲ್ಲಕ್ಕಿಂತ ಮರ್ಯಾದೆ ದೊಡ್ಡದು. ಒಂದು ಬೆಳಿಗ್ಗೆ ಅವನು ಒಳಗೆ ಹೋಗಿ ಪಾಸ್‌ಪೋರ್ಟ್ ತಂದು ಅಕ್ಕನ ಕೈಗಲ್ಲ, ಅಜ್ಜಿಯ ಮಡಿಲಿನ ಚೀಲದ ಮೇಲೆ ಹಾಕಿದ.

ಬಜಪೆಯ ನಿಲ್ದಾಣದಲ್ಲಿ ಅಕ್ಕ ಹೊರಬಂದಾಗ ನಾನು ಅವಳನ್ನು ಗುರುತಿಸುವ ಮೊದಲೇ ಮಮ್ಮಿ ಬ್ಯಾರಿಕೇಡಿನ ಅಡಿಯಿಂದ ನುಗ್ಗಿಬಿಟ್ಟಿದ್ದಳು. ಕಾವಲಿನವನು "ಅಮ್ಮ, ಎಂತ ಇದು" ಎನ್ನುತ್ತಾ ಹಿಂದೆ ಹೋದ. ಅಕ್ಕ ತೆಳ್ಳಗಾಗಿರಲಿಲ್ಲ. ಊಟ ನಿಜವಾಗಿಯೂ ಚೆನ್ನಾಗಿತ್ತಂತೆ. ಆದರೆ ಮನೆಗೆ ಬಂದು ಎಷ್ಟೋ ದಿನ, ಗೇಟಿನ ತನಕ ಹೋಗಬೇಕಾದರೂ "ನಾನು ಸ್ವಲ್ಪ ಹೊರಗೆ ಹೋಗಲಾ?" ಎಂದು ಕೇಳುತ್ತಿದ್ದಳು. ಮಮ್ಮಿ ಮೊದಲು "ಹೋಗು" ಎನ್ನುತ್ತಿದ್ದಳು. ಆಮೇಲೆ ಉತ್ತರ ಕೊಡುವುದನ್ನು ನಿಲ್ಲಿಸಿದಳು, ಕೇಳದೆ ಹೋಗುವುದನ್ನು ಅವಳು ಕಲಿಯಲಿ ಎಂದು.

ಈಗ ಅವಳು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಪಾಳಿ ಮಾಡುತ್ತಾಳೆ. ನನ್ನ ಪ್ರಾಜೆಕ್ಟ್ ಮುಗಿದಿಲ್ಲ. ಇಂಜಿನಿಯರರು ನಮ್ಮ ಆ ಎರಡು ಶಬ್ದಗಳ ಬಗ್ಗೆ ಮೇಲಿನವರಿಗೆ ಬರೆದರು. ಕರಾವಳಿಯ ಭಾಷೆಗಳನ್ನೂ ಪರೀಕ್ಷೆಗೆ ಸೇರಿಸಬೇಕೆಂದು ಕೇಳಿದರು. ಗಮನಕ್ಕೆ ಬಂದಿದೆ ಎಂಬ ಉತ್ತರ ಬಂದು ಹಾಗೆಯೇ ಉಳಿದಿದೆ. ಅವರು ಬಿಡುವಿದ್ದಾಗ ನನ್ನಿಂದ ಕೊಂಕಣಿ, ಕ್ಯಾಂಟೀನಿನವರಿಂದ ಬ್ಯಾರಿ, ಮನೆಯಲ್ಲಿ ತಾಯಿಯಿಂದ ತುಳು ಮಾತಾಡಿಸಿ ತುಂಬಿಸಿಕೊಳ್ಳುತ್ತಿದ್ದಾರೆ. ಯಾರೂ ಹೇಳದ ಕೆಲಸ.

ಅಜ್ಜಿ ಇನ್ನೂ ಅಲ್ಲೇ ಇದ್ದಾರೆ. ಬೇರೊಬ್ಬಳು ಹುಡುಗಿ ಬಂದಿದ್ದಾಳೆ, ಅವಳ ಕೈಯಲ್ಲಿ ಕೀಲಿ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಅಕ್ಕ ಕೇಳಿದರೆ ಅವಳು "ಸೌಖ್ಯ" ಎನ್ನುತ್ತಾಳೆ. ಆ ಶಬ್ದ ಕೇಳಿದ ದಿನ ಅಕ್ಕನಿಗೆ ಊಟ ಸೇರುವುದಿಲ್ಲ. ರಾಯಭಾರ ಕಚೇರಿಯ ನಂಬರನ್ನು ಅಕ್ಕ ಅವಳಿಗೆ ಬಾಯಿಪಾಠ ಮಾಡಿಸಿದ್ದಾಳೆ. ಭಾನುವಾರಗಳಂದು ಅಜ್ಜಿ ಆ ಹುಡುಗಿಯ ಫೋನಿನಿಂದ ಕರೆ ಮಾಡುತ್ತಾರೆ. ಅವರಿಗೆ ಊರಿನಲ್ಲಿ ಒಂದು ಮನೆಯಿತ್ತು, ಮಗ ಅದನ್ನು ಮಾರಿದ್ದಾನೆ. ಅದನ್ನು ಅಜ್ಜಿಗೆ ಯಾರೂ ಹೇಳಿಲ್ಲ.

"ಮಗಾ, ನನ್ನನ್ನು ಊರಿಗೆ ಕರ್ಕೊಂಡು ಹೋಗ್ಲಿಕ್ಕೆ ಯಾವಾಗ ಬರ್ತೀ?" ಎಂದು ಕೇಳುತ್ತಾರೆ.

"ಮಳೆ ಮುಗೀಲಿ ಅಮ್ಮ" ಎಂದು ಅಕ್ಕ ಹೇಳಿದ್ದಳು. ಮಳೆ ಮುಗಿದ ಮೇಲೆ "ಸೆಕೆ ಕಡಿಮೆಯಾಗ್ಲಿ" ಎಂದಳು. ಕಳೆದ ಭಾನುವಾರ ಏನು ಹೇಳಬೇಕೆಂದು ತೋಚದೆ ಫೋನನ್ನು ನನ್ನ ಕೈಗೆ ಕೊಟ್ಟು ಸಿಗಡಿ ಸುಲಿಯಲು ಕೂತಳು. ಅಜ್ಜಿ ನನ್ನನ್ನೂ ಅದನ್ನೇ ಕೇಳಿದರು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಕೇಳಲಿಲ್ಲ ಎಂದು ಹೇಳುವ ಹಾಗಿರಲಿಲ್ಲ.